ಹಿಮ್ಮಡಿ ಮೇಸ್ತ್ರಿಯ ಐದು ಇಂಚು

ಹಿಮ್ಮಡಿ ಮೇಸ್ತ್ರಿ ಬರಿಗಾಲಲ್ಲಿ ಒಂದು ಸಲ ಊರಿ ನಿಂತರೆ ಸಾಕು, ಕೆಳಗಿನ ರಬ್ಬರು ಎಷ್ಟು ದಪ್ಪ, ಅದರಲ್ಲಿ ಎಷ್ಟು ಸಾವಿರ ಕಾಳು, ಆ ಕಾಳು ಯಾವ ಲಾರಿಯ ಎಷ್ಟನೇ ಚಕ್ರದ ಟೈರನ್ನು ಪುಡಿ ಮಾಡಿದ್ದು, ಆ ಲಾರಿಯ ಡ್ರೈವರು ಕೊನೆಯ ಸಲ ಚಹಾ ಕುಡಿಯಲು ಎಲ್ಲಿ ನಿಲ್ಲಿಸಿದ್ದ, ಅದಕ್ಕೆ ಸಕ್ಕರೆ ಹೆಚ್ಚಾಗಿತ್ತೋ ಕಮ್ಮಿಯೋ, ಇಷ್ಟನ್ನೂ ಅವನ ಬಲಗಾಲಿನ ಹಿಮ್ಮಡಿ ಅವನಿಗೆ ಹೇಳಿಬಿಡುತ್ತಿತ್ತು. ನಂಬದವರೂ ಇದ್ದರು. ಅವರನ್ನು ಮೇಸ್ತ್ರಿ, ಕುರುಡರನ್ನು ರಸ್ತೆ ದಾಟಿಸುವವರಷ್ಟೇ ಕರುಣೆಯಿಂದ ನೋಡುತ್ತಿದ್ದ.

ಮಕ್ಕಳ ಆಟದ ಜಾಗಗಳಿಗೆ ರಬ್ಬರ್ ನೆಲ ಹಾಸುವುದು ಅವನ ಕಸುಬು. ಈ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದ. ಅವನನ್ನೇ ಕೇಳಿದರೆ ನಲವತ್ತು. ಅವನು ಹಾಸಿದ ನೆಲದ ಮೇಲೆ ಉಯ್ಯಾಲೆಯಿಂದ ಬಿದ್ದ ಮಗುವೊಂದು ಪುಟಿದು ವಾಪಸು ಉಯ್ಯಾಲೆಯ ಮೇಲೆಯೇ ಹೋಗಿ ಕೂತಿತ್ತಂತೆ. ಪಕ್ಕದಲ್ಲೇ ನಿಂತಿದ್ದ ತಾಯಿಗೆ ಮಗು ಬಿದ್ದದ್ದೇ ಗೊತ್ತಾಗದೆ, "ಯಾಕೋ ತಲೆ ಕೆದರಿದೆ?" ಎಂದು ಬೈದಳಂತೆ. ಈ ಕಥೆಯನ್ನು ಮೇಸ್ತ್ರಿ ಹೇಳುವಾಗೆಲ್ಲ ಉಯ್ಯಾಲೆ ಒಂದೊಂದು ಅಡಿ ಮೇಲೇರುತ್ತಿತ್ತು. ಅವನ ಸೊಸೆ ಮಿಕ್ಸರ್ ಯಂತ್ರದ ಪಕ್ಕ ನಿಂತು ರಬ್ಬರಿಗೆ ಅಂಟು ಕಲಸುತ್ತಲೇ, "ಮಾವ, ಮೊನ್ನೆ ಎಂಟು ಅಡಿ ಇತ್ತು" ಎನ್ನುವಳು. "ಮಗು ಬೆಳೆದಿದೆ ಕಣಮ್ಮ, ಉಯ್ಯಾಲೆ ಬೆಳೆಯೋದು ಬೇಡ್ವಾ?" ಎನ್ನುವನು ಮೇಸ್ತ್ರಿ.

ಆ ಶಾಲೆಯ ಕೆಲಸ ಸಿಕ್ಕಿದ್ದೂ ಹಿಮ್ಮಡಿಯಿಂದಲೇ.

ಶಾಲೆಯ ಹಿಂದಿನ ಅಂಗಳದಲ್ಲಿ ಎರಡು ಉಯ್ಯಾಲೆ, ಒಂದು ಜಾರುಬಂಡೆ, ಮಕ್ಕಳು ಹತ್ತುವ ಒಂದು ಗೋಪುರ ಇದ್ದವು. ಕೆಳಗೆ ತುಳಿದು ತುಳಿದು ಕಲ್ಲಾದ ಜಲ್ಲಿ. ಹಿಂದಿನ ತಿಂಗಳು ಅದರ ಮೇಲೆ ಬಿದ್ದ ಹುಡುಗಿಯೊಬ್ಬಳು ಕೈ ಮುರಿದುಕೊಂಡು, ಪ್ಲಾಸ್ಟರಿನ ಮೇಲೆ ತರಗತಿಯವರೆಲ್ಲರ ಸಹಿ ಹಾಕಿಸಿಕೊಂಡು ಓಡಾಡುತ್ತಿದ್ದಳು. ಮುಖ್ಯೋಪಾಧ್ಯಾಯಿನಿ ಮಾತು ಕಮ್ಮಿ, ಪ್ರಶ್ನೆ ಜಾಸ್ತಿ ಎನ್ನುವಂಥ ಹೆಂಗಸು. ಅವರ ಮೇಜಿನ ಮೇಲೆ ಮಾದರಿಗಳು ಸಾಲಾಗಿ ಕೂತಿದ್ದವು: ಡಬ್ಬಿಯಲ್ಲಿ ಮರದ ಚೂರು, ಒಂದು ರಬ್ಬರ್ ಟೈಲ್, ಮೇಸ್ತ್ರಿ ತಂದಿದ್ದ ಎರಡು ಪದರದ ತುಂಡು.

"ಮರದ ಚೂರು ಮೆತ್ತಗೇ ಇದೆಯಲ್ಲ?" ಎಂದು ಅವರು ಕೇಳಿದರು.

"ಮೊದಲನೇ ವಾರ ಹಾಸಿಗೆ ಮೇಡಂ. ಎರಡನೇ ವಾರಕ್ಕೆ ಜಾರುಬಂಡೆ ಬುಡದಲ್ಲಿರೋದನ್ನೆಲ್ಲ ಮಕ್ಕಳು ಒದ್ದು ಒದ್ದು ಆಚೆ ತಳ್ಳಿರ್ತಾರೆ. ಬೀಳೋ ಕಡೆ ಬೋಳು, ಬೀಳದ ಕಡೆ ಗುಡ್ಡೆ."

"ಟೈಲ್?"

"ಬಿಸಿಲಿಗೆ ಮೂಲೆ ಏಳುತ್ತೆ. ಪೆಟ್ಟಾಗದೆ ಇರ್ಲಿ ಅಂತ ಹಾಕಿದ್ದೇ ಕಾಲಿಗೆ ಸಿಕ್ಕಿ ಬೀಳಿಸುತ್ತೆ. ನಮ್ಮದು ಇಲ್ಲೇ ಕಲಸಿ ಇಲ್ಲೇ ಸುರಿಯೋದು. ಕೆಳಗೆ ಟೈರಿನ ಕರಿ ರಬ್ಬರು, ಅದೇ ಮೆತ್ತೆ. ಮೇಲೆ ಬಣ್ಣದ್ದು, ಅದು ಚರ್ಮ. ಸಂದಿಲ್ಲ, ಮೂಲೆಯಿಲ್ಲ."

"ಎಷ್ಟು ದಪ್ಪ ಬೇಕು?"

"ಮಗು ಎಷ್ಟು ಎತ್ತರದಿಂದ ಬೀಳುತ್ತೋ ಅದಕ್ಕೆ ತಕ್ಕಷ್ಟು. ಗೋಪುರದ ಅಟ್ಟಣಿಗೆ ಆರು ಅಡಿ ಇದೆ. ಮೂರು ಇಂಚು ಧಾರಾಳ."

ಮುಖ್ಯೋಪಾಧ್ಯಾಯಿನಿ ಎದ್ದು ಅವನನ್ನು ಕಿಟಕಿಯ ಬಳಿಗೆ ಕರೆದೊಯ್ದರು. ಹೊರಗೆ ವಿರಾಮದ ಗಲಾಟೆ. ಗೋಪುರದ ಅಟ್ಟಣಿಗೆ ಖಾಲಿಯಿತ್ತು. ಅದರ ಮೇಲಿನ ಇಳಿಜಾರು ಚಾವಣಿಯ ನೆತ್ತಿಯಲ್ಲಿ ಮೂವರು ಮಕ್ಕಳು ಕಾಗೆಗಳ ಹಾಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

"ಆರು ಅಡಿ ಅಂತ ಅವರಿಗೆ ಯಾರಾದ್ರೂ ಹೇಳಿದ್ದಾರಾ?"

ಮೇಸ್ತ್ರಿ ಕತ್ತೆತ್ತಿ ಅಳೆದ. "ಹತ್ತು ಅಡಿ. ಹಾಗಾದ್ರೆ ಗೋಪುರದ ಸುತ್ತ ಐದು ಇಂಚು. ಒಂದು ಕೂದಲೂ ಕಮ್ಮಿ ಹಾಕಲ್ಲ."

"ಮೇಲೆ ಮುಚ್ಚಿದ ಮೇಲೆ ಕೆಳಗೆ ಐದಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬೇರೆ ಕಂಪನಿಯವರು ಯಂತ್ರ ತಂದು, ಕಬ್ಬಿಣದ ತಲೆ ಬೀಳಿಸಿ ಪೆಟ್ಟು ಅಳೆದು ತೋರಿಸ್ತೀವಿ ಅಂದಿದ್ದಾರೆ."

ಮೇಸ್ತ್ರಿಗೆ ಅವಮಾನವಾಯಿತು. ಅಲ್ಲೇ ಚಪ್ಪಲಿ ಕಳಚಿ ಕೋಣೆಯ ನಡುವೆ ಬಲಗಾಲನ್ನು ಊರಿ, ಕಣ್ಣು ಮುಚ್ಚಿ, ಯಾರೋ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾರೆ ಎಂಬಂತೆ ತಲೆ ವಾಲಿಸಿದ. "ಈ ನೆಲ ಒಂದಲ್ಲ, ಎರಡು. ಹಳೇದನ್ನ ಒಡೆಯದೆ ಅದರ ಮೇಲೇ ಹೊಸದು ಕೂರಿಸಿದ್ದಾರೆ. ಕಿಟಕಿ ಕಡೆ ಟೊಳ್ಳು."

ಅದು ನಿಜವಾಗಿತ್ತು. ಮುಖ್ಯೋಪಾಧ್ಯಾಯಿನಿ ಮೂಗಿನ ಮೇಲೆ ಬೆರಳಿಟ್ಟರು. ಒಳಗೆ ಬರುವಾಗಲೇ ಬಾಗಿಲಿನ ಬುಡ ಎರಡು ಬೆರಳು ಕುಯ್ದಿರುವುದನ್ನೂ, ಕಿಟಕಿಯ ಕೆಳಗೆ ಒಂದು ಕಲ್ಲು ಬಿರುಕು ಬಿಟ್ಟಿರುವುದನ್ನೂ ಮೇಸ್ತ್ರಿಯ ಕಣ್ಣು ನೋಡಿತ್ತು, ಅದು ಬೇರೆ ಮಾತು. ಒಂದೇ ಮೈಯೊಳಗೆ ಕಣ್ಣು ಹಿಮ್ಮಡಿಗೆ ಅಷ್ಟು ಸಹಾಯ ಮಾಡಬಾರದೇ?

ಹಾಗೆ ಆ ಶಾಲೆ ಸುರಿಯುವ ರಬ್ಬರನ್ನು ಆರಿಸಿತು, ಅದರ ಜೊತೆಗೆ ಹಿಮ್ಮಡಿಯನ್ನೂ ಆರಿಸಿತು. ಕಬ್ಬಿಣದ ತಲೆ ಬೇಡವಾಯಿತು.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕರಿ ಪದರ ಸುರಿದು, ಅದು ಒಣಗಿದ ಮರುದಿನ ಬೆಳಿಗ್ಗೆ, ಬಣ್ಣ ಹಾಕುವ ಮೊದಲು ಒಬ್ಬರು ಮೊಳಕ್ಕೊಂದು ಸಲ ಅಳತೆ ಸೂಜಿಯನ್ನು ತಳದವರೆಗೂ ಇಳಿಸಿ ದಪ್ಪವನ್ನು ಕೂಗಿ ಹೇಳಬೇಕು. ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬಣ್ಣ ಮುಚ್ಚಿದ ಮೇಲೆ ಒಳಗೇನಿದೆ ಎಂದು ಹೇಳುವುದು ಆ ಪುಸ್ತಕ ಒಂದೇ. ಹದಿನೈದು ವರ್ಷದ ಹಿಂದೆ ಮೇಸ್ತ್ರಿ ಹತ್ತು ಜನರ ಮುಂದೆ ಸೂಜಿಯನ್ನು ಎತ್ತಿ ಪಕ್ಕದ ಹಳ್ಳಕ್ಕೆ ಎಸೆದಿದ್ದ. "ಚಪ್ಪಲಿ ಇದ್ದವನಿಗೆ ಸೂಜಿ ಬೇಕು" ಎಂದಿದ್ದ. ಅವತ್ತಿನಿಂದ ಅವನು ಬರಿಗಾಲಲ್ಲಿ ನಡೆಯುವುದು, ಅಂಕಿ ಕೂಗುವುದು, ಇನ್ನೊಬ್ಬರು ಬರೆಯುವುದು; ಒಂಬತ್ತು ವರ್ಷದಿಂದ ಬರೆಯುವವಳು ಸೊಸೆ.

ಎಸೆದ ಕಾಲಕ್ಕೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ರಬ್ಬರು ಎಷ್ಟು ಕುಗ್ಗುತ್ತದೆ, ಎಷ್ಟು ಬೇಗ ಕಾಲನ್ನು ವಾಪಸು ತಳ್ಳುತ್ತದೆ ಎಂಬುದರಿಂದ ಅರ್ಧ ಇಂಚಿನ ಹೆಚ್ಚುಕಮ್ಮಿಯನ್ನು ಆ ಹಿಮ್ಮಡಿ ನಿಜಕ್ಕೂ ಹೇಳುತ್ತಿತ್ತು. ಆದರೆ ಎರಡು ವರ್ಷದಿಂದ ಅದು ಮಾತಾಡಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಲಿಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಮೇಸ್ತ್ರಿ ಬರಿಗಾಲಲ್ಲಿ ನಿಂತು ಹತ್ತು ನಿಮಿಷ ಬುರುಡೆ ಬಿಟ್ಟಿದ್ದ. ಸಂಜೆ ಮನೆಯಲ್ಲಿ ಕಾಲು ತೊಳೆಯುವಾಗ ಅಂಗಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ನೋವು ಮಾತ್ರ ಇಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ನರ ಸತ್ತಿದೆ ಎಂದರು, ಬರಿಗಾಲಲ್ಲಿ ಓಡಾಡಲೇಬೇಡಿ ಎಂದರು. ಮೇಸ್ತ್ರಿ ಮಾತ್ರೆಯನ್ನು ಹೊಟ್ಟೆನೋವಿನದೆಂದು ಹೇಳಿ ಮನೆಯಲ್ಲಿ ನುಂಗತೊಡಗಿದ. ಹೆಂಡತಿಗೂ ಹೇಳಲಿಲ್ಲ. ಹೇಳುವುದು ಹೇಗೆ? ಊರಿನ ತುಂಬ ಅವನಿಗಿದ್ದ ಹೆಸರೇ ಅದು. ಗಾಯಕನೊಬ್ಬ ಗಂಟಲು ಹೋಯಿತೆಂದು ಹೇಳಿದರೆ ಜನ ಮರುಗುತ್ತಾರೆ. ಹಿಮ್ಮಡಿ ಹೋಯಿತೆಂದರೆ ನಗುತ್ತಾರೆ.

ಆಮೇಲೆ ಅಂಕಿ ಹೇಳಿದ್ದು ಹಿಮ್ಮಡಿಯಲ್ಲ, ನಾಲಿಗೆ. ಅದರಲ್ಲೂ ಅವನಿಗೊಂದು ಚಳಕ ಒಲಿದಿತ್ತು. "ಐದು, ಐದು, ಐದು" ಎಂದು ಒಂದೇ ಸಮ ಕೂಗಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅದಕ್ಕೇ ಎಂಟೊಂಬತ್ತು ಹೆಜ್ಜೆಗೆ ಒಮ್ಮೆ ಗಕ್ಕನೆ ನಿಂತು, ಹುಬ್ಬು ಗಂಟಿಕ್ಕಿ, "ಇಲ್ಲಿ ನಾಲ್ಕೂ ಮುಕ್ಕಾಲು, ಒಂದು ಬೊಗಸೆ ತಗೊಂಬಾಮ್ಮ" ಎನ್ನುವನು. ಸೊಸೆ ಅಲ್ಲಿ ಒಂದು ಬೊಗಸೆ ಕಲಸಿದ ರಬ್ಬರು ಹಾಕಿ ಕರಣೆಯಿಂದ ತಟ್ಟುವಳು. ಶಾಲೆಯಲ್ಲೂ ಹಾಗೇ ಆಯಿತು. ಗೋಪುರದ ಸುತ್ತ ಮೂವತ್ತು ಕಡೆ ಐದು, ಮೂರು ಕಡೆ ನಾಲ್ಕೂ ಮುಕ್ಕಾಲು. ಪುಸ್ತಕ ಮುಚ್ಚಿತು. ಎರಡು ದಿನದಲ್ಲಿ ಕೆನೆಬಣ್ಣದ ಪದರ, ಅಲ್ಲಲ್ಲಿ ನೀಲಿ ವೃತ್ತಗಳು. ಹಾಲಿನ ಮೇಲೆ ಆಕಾಶ ಚೆಲ್ಲಿದ ಹಾಗೆ ನೆಲ ನಗುತ್ತಿತ್ತು. ಮೂರು ದಿನ ಒಣಗಲಿ, ಶುಕ್ರವಾರ ಬೆಳಿಗ್ಗೆ ಮಕ್ಕಳಿಗೆ ಬಿಟ್ಟುಕೊಡೋಣ ಎಂದಾಯಿತು.

ಬುಧವಾರ ಸಾಮಾನು ಒಯ್ಯಲು ಹೋದಾಗ ಮೇಸ್ತ್ರಿ ಅಂಗಳದ ಗೇಟಿನ ಪಕ್ಕದ ಸೂಚನಾ ಫಲಕದ ಮುಂದೆ ನಿಂತ. ಮಕ್ಕಳು ನೋಡಲಿ ಎಂದು ಮುಖ್ಯೋಪಾಧ್ಯಾಯಿನಿ ಕೆಲಸದ ಪ್ರತಿ ಹಂತದ ಫೋಟೊ ತೆಗೆದು ಅಲ್ಲಿ ಹಾಕಿದ್ದರು. ಮೇಸ್ತ್ರಿ ತನ್ನ ಮುಖ ಹುಡುಕಿದ. ಎರಡರಲ್ಲಿ ಸಿಕ್ಕಿತು, ಹಿಗ್ಗಿದ. ಮೂರನೆಯದರಲ್ಲಿ ಅವನಿರಲಿಲ್ಲ. ಅದು ಜಲ್ಲಿ ಹರಡಿ, ರಬ್ಬರಿನ ಮಟ್ಟಕ್ಕೆ ದಾರ ಎಳೆದಿದ್ದ ದಿನದ್ದು. ಗೋಪುರದ ಕಂಬಗಳ ಬುಡಕ್ಕೆ ಹಾಕಿದ್ದ ಕಾಂಕ್ರೀಟು ಅದರಲ್ಲಿ ಕಾಣುತ್ತಿತ್ತು. ಬೇರೆಯವರು ಹಾಕಿದ್ದು, ಸುರಿಯುವ ಗಡಿಬಿಡಿಯಲ್ಲಿ ಯಾರೂ ಲಕ್ಷ್ಯ ಕೊಡದ್ದು, ಜಲ್ಲಿಯಿಂದ ಎದ್ದು ಅಡುಗೆಮನೆಯ ಕಟ್ಟೆಯಂತೆ ಅಗಲವಾಗಿ ಕೂತಿತ್ತು. ಅದರ ನೆತ್ತಿಗೂ ದಾರಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಮೇಸ್ತ್ರಿ ಕಣ್ಣಲ್ಲೇ ಅಳೆದ. ಇನ್ನೊಮ್ಮೆ ಅಳೆದ. ಬೆರಳಿಟ್ಟು ಅಳೆದ.

ಎರಡು ಇಂಚು. ದೇವರು ಕೈ ಬಿಚ್ಚಿದರೆ ಎರಡೂ ಕಾಲು.

ಮೇಲಿನಿಂದ ನೆಲ ಎಲ್ಲ ಕಡೆ ಒಂದೇ ಮಟ್ಟ. ಹತ್ತು ಅಡಿ ಎತ್ತರದ ಕೆಳಗೆ ಮಾತ್ರ, ಎರಡು ಇಂಚು ಮೆತ್ತೆಯ ಅಡಿ, ಕಲ್ಲು. ಸೂಜಿ ಇಳಿಸಿದ್ದರೆ ಮೊದಲನೇ ಸಲಕ್ಕೇ ಟಕ್ ಎನ್ನುತ್ತಿತ್ತು. ಅವನೋ ಅದರ ಮೇಲೆ ನಿಂತು ಗಂಭೀರವಾಗಿ "ಐದು" ಎಂದು ಕೂಗಿದ್ದ.

ಅಲ್ಲಿಂದ ಮೇಸ್ತ್ರಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮನೆಗೆ ಬಂದವನು ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ ನಡೆದ ದೂರವನ್ನು ಕೂಡಿಸಿದರೆ ಸಮುದ್ರ ಸಿಗುತ್ತಿತ್ತು. ಚಹಾ ತಣ್ಣಗಾಯಿತು. ಬಿಸಿ ಮಾಡಿ ಕೊಟ್ಟರು, ಅದೂ ತಣ್ಣಗಾಯಿತು.

"ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತಾ ಇದೀರಿ?" ಹೆಂಡತಿ ಕೇಳಿದಳು. "ನಿಮ್ಮ ಆ ಹಿಮ್ಮಡಿ ಸವೆದು ಹೋದೀತು, ಆಮೇಲೆ ಊರು ಏನ್ಮಾಡ್ಬೇಕು?"

ಮೊಮ್ಮಗಳು ಸೋಫಾದ ಬೆನ್ನಿನ ಮೇಲೆ ಕಾಲು ಹಾಕಿ ತಲೆಕೆಳಗಾಗಿ ನೇತಾಡುತ್ತ, ನೆತ್ತಿಯನ್ನು ನೆಲದ ಹತ್ತಿರಕ್ಕೆ ಇಳಿಸಿ ಹಾಡಿಕೊಳ್ಳುತ್ತಿದ್ದಳು. ಮೇಸ್ತ್ರಿ ಅವಳ ನೆತ್ತಿಗೂ ನೆಲಕ್ಕೂ ನಡುವಿನ ಜಾಗವನ್ನೇ ನೋಡಿದ. "ಏಳೇ ಅಲ್ಲಿಂದ" ಎಂದು ಗದರಿದ. ಯಾವತ್ತೂ ಗದರದ ಅಜ್ಜ ಗದರಿದ್ದಕ್ಕೆ ಅವಳು ನೇತಾಡುತ್ತಲೇ ಅವನನ್ನು ತಲೆಕೆಳಗಾಗಿ ದುರುಗುಟ್ಟಿದಳು.

ನಿಜ ಹೇಳಿಬಿಟ್ಟರೆ ಮುಗಿಯಿತು. ಆದರೆ ನಿಜ ಗಂಟಲಿನವರೆಗೂ ಬಂದು, ಅಲ್ಲಿ ಎರಡು ವರ್ಷದ ಅಂಕಿಗಳ ಸಾಲನ್ನು ಕಂಡು, ವಾಪಸು ಇಳಿಯುತ್ತಿತ್ತು. ನಿಜ ಹೇಳದೆಯೇ ಮಕ್ಕಳನ್ನು ಗೋಪುರದಿಂದ ದೂರವಿಡುವ ಉಪಾಯಗಳು ಅವನ ತಲೆಯಲ್ಲಿ ನಿಮಿಷಕ್ಕೆ ನೂರರಂತೆ ಹುಟ್ಟಿದವು. ಮೊದಲನೆಯದನ್ನು ಫೋನಿನಲ್ಲಿ ಬಿಟ್ಟ.

"ಮೇಡಂ, ನೆಲ ಇನ್ನೊಂದು ಹದಿನೈದು ದಿನ ಒಣಗಿದ್ರೆ ಒಳ್ಳೇದು."

"ಮೂರು ದಿನ ಸಾಕು ಅಂತ ನೀವೇ ಬರೆದುಕೊಟ್ಟಿದ್ದೀರಿ. ನನ್ನ ಕೈಲೇ ಇದೆ ಕಾಗದ."

"ಅದು ಸರಿ. ಆದ್ರೆ ಆ ಗೋಪುರ ನೋಡಿ, ಹಸಿರು. ನಮ್ಮ ಕೆನೆಬಣ್ಣಕ್ಕೆ ಒಪ್ಪೋದೇ ಇಲ್ಲ. ತೆಗೆಸಿಬಿಡೋಣ."

"ಮಕ್ಕಳು ಅದನ್ನ ಹತ್ತೋದು ಮೇಸ್ತ್ರಿ. ನೆಲದ ಜೊತೆ ಅದಕ್ಕೆ ಮದುವೆ ಮಾಡ್ತಿಲ್ಲ."

ಗುರುವಾರ ಶಾಲೆಯ ಬೇಲಿಯ ಬಳಿ ಅಡ್ಡಾಡುತ್ತ, ಇಣುಕುತ್ತಿದ್ದ ಇಬ್ಬರು ಪುಟಾಣಿಗಳನ್ನು ಹತ್ತಿರ ಕರೆದು, ಗೋಪುರದ ಚಾವಣಿಯಲ್ಲಿ ಪಾರಿವಾಳದಷ್ಟು ದೊಡ್ಡ ಕಣಜ ಗೂಡು ಕಟ್ಟಿದೆ, ಕಚ್ಚಿದರೆ ಕಿವಿ ಚಪಾತಿಯಷ್ಟು ಊದುತ್ತದೆ ಎಂದು ಗುಟ್ಟಾಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಇಡೀ ಶಾಲೆಗೆ ಹಬ್ಬಿತು. ಸಂಜೆ ಮುಖ್ಯೋಪಾಧ್ಯಾಯಿನಿ ಸೊಸೆಗೆ ಫೋನು ಮಾಡಿದ್ದರಂತೆ: ಕಣಜ ನೋಡಲು ನಾಳೆ ಮೊದಲು ಹತ್ತುವವರು ಯಾರು ಎಂದು ಮಕ್ಕಳಲ್ಲಿ ಜಗಳವಾಗಿ ಕೊನೆಗೆ ಚೀಟಿ ಎತ್ತಬೇಕಾಯಿತು, ನಲವತ್ತೆರಡು ಹೆಸರು.

"ಕಣಜದ ಕಥೆ ನಿಮ್ಮದೇ ಅಲ್ವಾ ಮಾವ?" ಸೊಸೆ ಕೇಳಿದಳು. "ಚಪಾತಿ ಅಂದ ತಕ್ಷಣ ನಂಗೆ ಗೊತ್ತಾಯ್ತು."

"ಮಕ್ಕಳು ಖುಷಿಯಾಗಿರ್ಲಿ ಅಂತ" ಎಂದ ಮೇಸ್ತ್ರಿ, ಎದ್ದು ಹೋಗಿ ಬಾಗಿಲಿನ ಚಿಲಕವನ್ನು ಸುಮ್ಮನೆ ಹಾಕಿ ತೆಗೆದ.

ಶುಕ್ರವಾರ ಮುಂಜಾನೆ ಹಲ್ಲುಜ್ಜುವಾಗ ಅವನಿಗೆ ಕೊನೆಯ ಉಪಾಯ ಹೊಳೆಯಿತು. ಎಷ್ಟು ಚೆನ್ನಾಗಿತ್ತೆಂದರೆ, ಬಾಯಲ್ಲಿ ನೊರೆ ಇಟ್ಟುಕೊಂಡೇ ಕನ್ನಡಿಯತ್ತ ನಕ್ಕ. ತಪ್ಪನ್ನು ಒಪ್ಪಿಕೊಳ್ಳುವುದೇಕೆ? ಕಂಡುಹಿಡಿದರಾಯಿತು. ಎಲ್ಲರ ಮುಂದೆ ಕೊನೆಯ ಸಲ ಬರಿಗಾಲಲ್ಲಿ ನಡೆಯುವುದು. ಗೋಪುರದ ಬುಡದಲ್ಲಿ ಗಕ್ಕನೆ ನಿಲ್ಲುವುದು. "ನಿಲ್ಲಿ, ಇಲ್ಲಿ ಎರಡೇ ಇಂಚು, ಒಳಗೆ ಕಾಂಕ್ರೀಟು ಉಬ್ಬಿದೆ" ಎನ್ನುವುದು. ಅಗೆದು ನೋಡಿದರೆ ಎರಡೇ ಇರುತ್ತದೆ. ಮಕ್ಕಳೂ ಉಳಿದರು, ಹಿಮ್ಮಡಿಯೂ ಉಳಿಯಿತು. ಇಂಥ ಮೆದುಳಿರುವವನು ರಬ್ಬರು ಕಲಸುತ್ತ ಕೂತಿದ್ದಾನಲ್ಲ ಎಂದು ತನ್ನ ಬಗ್ಗೆಯೇ ಅವನಿಗೆ ಮರುಕವಾಯಿತು.

ಒಂದೇ ತೊಡಕು. ಆ ಫೋಟೊ ಫಲಕದ ಮೇಲೆಯೇ ಇತ್ತು. ಅದನ್ನು ಯಾರಾದರೂ ನೋಡಿದರೆ, ಹಿಮ್ಮಡಿ ಕಂಡದ್ದನ್ನು ಫೋಟೊ ಮೊದಲೇ ಕಂಡಿತ್ತು ಎಂದಾಗುತ್ತದೆ.

ಎಲ್ಲರಿಗಿಂತ ಮೊದಲು ಶಾಲೆಗೆ ಹೋದ. ಗೇಟಿನ ಬಳಿ ಯಾರೂ ಇರಲಿಲ್ಲ. ಫೋಟೊದ ನಾಲ್ಕೂ ಮೂಲೆಗೆ ಡ್ರಾಯಿಂಗ್ ಪಿನ್ ಚುಚ್ಚಿದ್ದರು. ಒಂದೊಂದನ್ನೇ ಕೀಳಲು ವ್ಯವಧಾನವಿರಲಿಲ್ಲ, ದೂರದಲ್ಲಿ ಮಕ್ಕಳ ಸದ್ದು ಬೇರೆ. ಕಾಗದವನ್ನು ಹಿಡಿದು ಒಂದೇ ಎಳೆತಕ್ಕೆ ಕಿತ್ತು, ಮಡಚಿ ಅಂಗಿಯ ಜೇಬಿಗೆ ತುರುಕಿದ. ಪಿನ್ನುಗಳು ಎಲ್ಲೋ ಹಾರಿದವು. ಚಪ್ಪಲಿಯನ್ನು ಫಲಕದ ಕೆಳಗೇ ಕಳಚಿಟ್ಟು, ಏನೂ ಅರಿಯದವನಂತೆ ಕೈ ಕಟ್ಟಿ ಅಲ್ಲೇ ಶತಪಥ ತಿರುಗತೊಡಗಿದ.

ಮಕ್ಕಳು ಸಾಲಾಗಿ ಬಂದರು. ಮುಖ್ಯೋಪಾಧ್ಯಾಯಿನಿ ಬಂದರು. ಸೊಸೆ ಅಳತೆಯ ಪುಸ್ತಕ ಹಿಡಿದು ಬಂದಳು, ಅದರಲ್ಲಿನ ಅಂಕಿಗಳ ನಕಲನ್ನು ಶಾಲೆಗೆ ಒಪ್ಪಿಸುವುದಿತ್ತು. ಚೀಟಿಯಲ್ಲಿ ಮೊದಲ ಹೆಸರು ಬಂದಿದ್ದ, ಮುಂದಿನ ಎರಡು ಹಲ್ಲಿಲ್ಲದ ಹುಡುಗಿ ಎಲ್ಲರಿಗಿಂತ ಮುಂದೆ ನಿಂತು ಚಾವಣಿಯನ್ನೇ ದಿಟ್ಟಿಸುತ್ತಿದ್ದಳು.

"ಬಿಡೋ ಮೊದಲು ಒಂದು ಸಲ ನನ್ನ ಹಿಮ್ಮಡಿ ನೋಡ್ಬೇಕು" ಎಂದು ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಇಪ್ಪತ್ತು ದೇಶದವರು ಬಂದು ಈ ಕಾಲಿನ ಫೋಟೊ ತೆಗೆದುಕೊಂಡು ಹೋಗಿದ್ದಾರೆ ಮಕ್ಕಳೇ. ಒಬ್ಬರಂತೂ ಗಾಜಿನ ಪೆಟ್ಟಿಗೇಲಿ ಇಡ್ತೀವಿ, ಕೊಡಿ ಅಂದ್ರು. ಮಿಕ್ಕ ನಾನು ಎಲ್ಲಿರ್ಲಿ ಅಂದೆ."

ಮಕ್ಕಳು ನಕ್ಕರು. ಮೇಸ್ತ್ರಿ ಕಣ್ಣು ಅರೆಮುಚ್ಚಿ, ಒಂದೊಂದೇ ಹೆಜ್ಜೆಯನ್ನು ಭಾರವಾಗಿ ಊರುತ್ತ, "ಐದು... ಐದು..." ಎನ್ನುತ್ತ ಕೆನೆಬಣ್ಣದ ನೆಲದ ಮೇಲೆ ನಡೆದ. ಗೋಪುರದ ಬುಡದಲ್ಲಿ ಗಕ್ಕನೆ ನಿಂತ. ಎರಡೂ ಕೈ ಎತ್ತಿದ.

"ಯಾರೂ ಬರಬೇಡಿ. ಇಲ್ಲಿ ಎರಡೇ ಇಂಚು. ಒಳಗೆ ಕಾಂಕ್ರೀಟು ಉಬ್ಬಿದೆ. ಹಿಮ್ಮಡಿ ಬಡ್ಕೊಳ್ತಾ ಇದೆ."

ಮುಖ್ಯೋಪಾಧ್ಯಾಯಿನಿಯ ಮುಖ ಬಿಳುಚಿತು. ಸೊಸೆ ಪುಸ್ತಕ ತೆರೆದಳು. "ಇಲ್ಲಿ ಐದು ಅಂತ ಇದೆಯಲ್ಲ ಮಾವ. ನೀವೇ ಕೂಗಿದ್ದು."

"ಅವತ್ತು ರಬ್ಬರು ಹಸಿ. ಹಸಿ ರಬ್ಬರು ಸುಳ್ಳು ಹೇಳುತ್ತೆ. ಒಣಗಿದ ಮೇಲೆ ನಿಜ ಒಪ್ಕೊಳ್ಳುತ್ತೆ." ಮೇಸ್ತ್ರಿಯ ಎದೆ ಒಂದು ಮೊಳ ಅಗಲವಾಯಿತು. ಎಲ್ಲ ಅಂದುಕೊಂಡಂತೆಯೇ ನಡೆಯುತ್ತಿತ್ತು.

"ಅಜ್ಜಾ" ಎಂದಳು ಹಲ್ಲಿಲ್ಲದ ಹುಡುಗಿ. "ನೀವು ಚುಕ್ಕಿ ಹಾಕ್ತಾ ಬಂದಿದೀರಾ?"

ಎಲ್ಲರೂ ನೆಲ ನೋಡಿದರು. ಗೇಟಿನಿಂದ ಗೋಪುರದವರೆಗೆ, ಕೆನೆಬಣ್ಣದ ಮೇಲೆ, ಎರಡು ಹೆಜ್ಜೆಗೊಂದರಂತೆ ಕೆಂಪು ಚುಕ್ಕಿಗಳ ಸಾಲು. ಮೇಸ್ತ್ರಿಯೂ ನೋಡಿದ. ಆ ಸಾಲು ತನ್ನ ಕಾಲ ಬಳಿಯೇ ಮುಗಿಯುತ್ತದೆ ಎಂದು ತಿಳಿಯಲು ಅವನಿಗೆ ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಸೊಸೆ ಬಂದು ಮಂಡಿಯೂರಿ, "ಕಾಲೆತ್ತಿ" ಎಂದಳು. ಬಲ ಹಿಮ್ಮಡಿಯ ನಡುವೆ ಎರಡು ಡ್ರಾಯಿಂಗ್ ಪಿನ್ನು ತಲೆಯವರೆಗೂ ಇಳಿದು ಹಿತ್ತಾಳೆಯ ಗುಂಡಿಗಳ ಹಾಗೆ ಹೊಳೆಯುತ್ತಿದ್ದವು. ಅವಳು ಎರಡನ್ನೂ ಕಿತ್ತಳು. ಮೇಸ್ತ್ರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನೋವಾಗ್ಲಿಲ್ವಾ?"

"ಇಷ್ಟಕ್ಕೆಲ್ಲ ನೋವಾದ್ರೆ ಮೇಸ್ತ್ರಿ ಆಗೋಕಾಗುತ್ತಾ? ಉಕ್ಕು ಕಣಮ್ಮ ಇದು."

ಸೊಸೆ ಅವನ ಮುಖವನ್ನು ನೋಡಿದಳು. ಒಂಬತ್ತು ವರ್ಷ ಆ ಬಾಯಿ ಕೂಗಿದ ಅಂಕಿಗಳನ್ನು ಬರೆದವಳು. "ಆ ಕಡೆ ತಿರುಗಿ ಮಾವ" ಎಂದಳು, ದನಿ ಏರಿಸದೆ. "ಕಂಬ ಹಿಡ್ಕೊಳ್ಳಿ. ಒಳಗೆ ಇನ್ನೊಂದಿದೆ, ತೆಗೀತೀನಿ."

ಮೇಸ್ತ್ರಿ ಕಂಬ ಹಿಡಿದು ಬೆನ್ನು ತಿರುಗಿಸಿ ನಿಂತ.

"ತೆಗೀತಾ ಇದೀನಿ. ಗೊತ್ತಾಗ್ತಿದೆಯಾ?"

ಉಕ್ಕು ಎಂದದ್ದು ಅತಿಯಾಯಿತೇನೋ ಎಂದು ಅವನಿಗೆ ಅನ್ನಿಸಿತು. ಸ್ವಲ್ಪವಾದರೂ ನೋಯಬೇಕು. "ಸ್ಸ್" ಎಂದು ಹಲ್ಲು ಕಚ್ಚಿದ. "ಮೆಲ್ಲಗಮ್ಮಾ, ಮೆಲ್ಲಗೆ. ಆಳಕ್ಕೆ ಹೋಗಿದೆ ಅದು."

ಮಕ್ಕಳು ಗೊಳ್ಳೆಂದು ನಕ್ಕರು. ಮೇಸ್ತ್ರಿ ತಿರುಗಿ ನೋಡಿದ. ಸೊಸೆ ಅವನ ಕಾಲನ್ನು ಮುಟ್ಟಿಯೇ ಇರಲಿಲ್ಲ. ಎರಡು ಮಾರು ಆಚೆ, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಮಾತ್ರ ನಗುತ್ತಿರಲಿಲ್ಲ.

"ಎಷ್ಟು ದಿನದಿಂದ ಮಾವ?"

ಬಾಯಿ ತೆರೆದ. ಅಲ್ಲಿ ಹತ್ತಾರು ಉತ್ತರಗಳು ಸಿದ್ಧವಾಗಿ ನಿಂತಿದ್ದವು. ಹಲ್ಲಿಲ್ಲದ ಹುಡುಗಿ ಆಗಲೇ ಗೋಪುರದ ಮೊದಲ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಳು. ಮೇಸ್ತ್ರಿ ಕುಂಟದೆ ಹೋಗಿ ಅವಳ ಕೈ ಹಿಡಿದು ಇಳಿಸಿದ.

"ಎರಡು ವರ್ಷ" ಎಂದ.

ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ತರಗತಿಗೆ ಕಳುಹಿಸಿದರು. ಅಂಗಳ ಖಾಲಿಯಾದ ಮೇಲೆ ಹತ್ತಿರ ಬಂದು ಕೇಳಿದರು: "ಹಾಗಾದ್ರೆ ಇಲ್ಲಿ ಎರಡೇ ಇಂಚು ಅಂತ ಹೇಗೆ ಗೊತ್ತಾಯ್ತು?"

ಮೇಸ್ತ್ರಿ ಜೇಬಿನಿಂದ ಫೋಟೊ ತೆಗೆದು, ಸುಕ್ಕು ಬಿಡಿಸಿ ಕೊಟ್ಟ. ದಾರವನ್ನೂ ಕಾಂಕ್ರೀಟನ್ನೂ ಬೆರಳಿಟ್ಟು ತೋರಿಸಿದ. ಬುಧವಾರವೇ ನೋಡಿದ್ದೆ ಎಂದ. ಕಣಜ ಇಲ್ಲ ಎಂದ. ನೆಲ ಹದಿನೈದು ದಿನ ಒಣಗಬೇಕಿರಲಿಲ್ಲ ಎಂದ. ನಿಮ್ಮ ಕೋಣೆಯ ನೆಲವನ್ನು ಹೇಳಿದ್ದು ಕಾಲಲ್ಲ, ಬಾಗಿಲು ನೋಡಿ ಹೇಳಿದೆ ಎಂದ. ಒಂದು ಹೇಳಿದ ಮೇಲೆ ಇನ್ನೊಂದು ತಾನಾಗಿ ಬರುತ್ತಿತ್ತು, ನಡುವೆ ಎಲ್ಲೂ ಅಲಂಕಾರ ಸಿಕ್ಕಲಿಲ್ಲ. ಅವರು ಬೈಯಬಹುದೆಂದು ಕಾದ. ಅವರೋ, ಗೋಪುರದ ಸುತ್ತ ಹಗ್ಗ ಕಟ್ಟಿಸಲು ಯಾರನ್ನೋ ಕೂಗುತ್ತ ಒಳಗೆ ಹೋದರು.

ಸೊಸೆ ಗೋಪುರದ ಬುಡದಲ್ಲಿ ಚಾಕು ಇಳಿಸಿ ಒಂದು ಚೌಕ ಕುಯ್ದಳು. ಬೇಗನೆ ಕಲ್ಲು ತಾಗಿತು. ಕುಯ್ದ ತುಂಡನ್ನು ಪಕ್ಕಕ್ಕಿಟ್ಟು, ಕರವಸ್ತ್ರದಿಂದ ಅವನ ಹಿಮ್ಮಡಿಯನ್ನು ಬಿಗಿಯಾಗಿ ಸುತ್ತಿದಳು. ಆಮೇಲೆ ಅಳತೆಯ ಪುಸ್ತಕವನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಮಗುಚಿದಳು.

"ಈ ಎರಡು ವರ್ಷದಲ್ಲಿ ಎಷ್ಟು ಮಾಡಿದೀವಿ?"

"ಹನ್ನೊಂದು. ಇದು ಬಿಟ್ಟು."

"ಹೇಳಿ."

ಹೇಳಿದ. ನೀರಿನ ತೊಟ್ಟಿಯ ಪಕ್ಕದ ಉದ್ಯಾನ. ಆಸ್ಪತ್ರೆಯ ಹಿಂದಿನ ಶಿಶುವಿಹಾರ. ಎರಡು ಸೇತುವೆಗಳ ನಡುವಿನ ಬಡಾವಣೆ. ಪ್ರತಿಯೊಂದಕ್ಕೂ ಅವಳು ಪುಟ ತೆರೆದು, ತಾನೇ ಬರೆದಿದ್ದ ಅಂಕಿಗಳ ಮೇಲೆ ಬೆರಳಿಟ್ಟು, "ಇದು ಎಷ್ಟು?" ಎಂದು ಕೇಳಿದಳು.

"ಗೊತ್ತಿಲ್ಲ."

ಅವಳು ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹಾಗೆಯೇ ಬರೆದಳು.

"ಇದು?"

"ಗೊತ್ತಿಲ್ಲ ಕಣಮ್ಮ."

ಏಳನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಅವರ ಮನೆಯ ಹಿಂದಿನ ಬೀದಿಯದು, ಅವಳ ಮಗಳು ದಿನಾ ಸಂಜೆ ಆಡುವ ಜಾಗ. ಅವಳು ಏನನ್ನೂ ಕೇಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ, ಪುಟವನ್ನೇ ನೋಡುತ್ತಿದ್ದಳು.

"ಅದೂ ಗೊತ್ತಿಲ್ಲ" ಎಂದ ಮೇಸ್ತ್ರಿ.